ಕೈಯೊಳಗಿನ ಮೊಬೈಲು, ಎದೆಯೊಳಗಿನ ಹೃದಯ

(ವಿಶ್ವ ಹೃದಯ ದಿನದ ನಿಮಿತ್ತ ನಮ್ಮ ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ರೋಗಿಗಳಿಗೆ ಹಾಗೂ ಅವರ ಬಂಧುಗಳಿಗೆ ನೀಡಿದ ಉಪನ್ಯಾಸ)

 

ಹೃದಯದ ಬಗ್ಗೆ ಮಾತನಾಡಿ ಎಂದು ನನಗೆ ಅಪ್ಪಣೆಯಾಗಿದೆ. ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ, ಬೀಡಿ ಬಿಡಿ, ದಿನಾಲು ನಡೆಯಿರಿ ಎಂಬ ಮಾತುಗಳನ್ನು ಹೊರರೋಗಿ ವಿಭಾಗದಲ್ಲಿ ನಾವು ಹೇಳಿ ಹೇಳಿ, ನೀವು ಕೇಳಿ ಕೇಳಿ ಇಬ್ಬರಿಗೂ ಸಾಕಾಗಿದೆ. ಅವು ಸತ್ಯವೇ. ಆದರೆ ಇಂದು ಅವುಗಳನ್ನು ಬದಿಗಿಟ್ಟು ಬೇರೊಂದು ಸಂಗತಿಯನ್ನು ತಮ್ಮ ಮುಂದಿಡುತ್ತೇನೆ. ಈ ಮಂದಿರದೊಳಗೆ ಬರುವಾಗ ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದೀರಿ, ಮೊಬೈಲನ್ನು ಮಾತ್ರ ಯಾರೂ ಬಿಟ್ಟಿಲ್ಲ. ಆ ಮೊಬೈಲಿನ ಮೂಲಕ ಹೃದಯದ ಆರೋಗ್ಯದ ವಿಷಯ ನಿಮಗೆ ಹೇಗೆ ತಲುಪುತ್ತಿದೆ, ಅದರಲ್ಲಿ ಯಾವುದು ಜೀವ ಉಳಿಸುತ್ತದೆ, ಯಾವುದು ಜೀವಕ್ಕೆ ಎರವಾಗುತ್ತದೆ ಎಂಬುದೇ ಇಂದಿನ ವಿಷಯ.

ಜಿನೀವಾದಲ್ಲಿ ಕೇಂದ್ರ ಕಚೇರಿಯಿರುವ ವಿಶ್ವ ಹೃದಯ ಒಕ್ಕೂಟವು 2000ನೇ ಇಸವಿಯಲ್ಲಿ ವಿಶ್ವ ಹೃದಯ ದಿನದ ಆಚರಣೆಯನ್ನು ಆರಂಭಿಸಿತು. ಮೊದಮೊದಲು ಅದು ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ನಡೆಯುತ್ತಿತ್ತು. 2011ರಿಂದ ಸೆಪ್ಟೆಂಬರ್ 29ನೇ ತಾರೀಖು ಎಂದು ನಿಗದಿಯಾಯಿತು. ಆ ಆರಂಭದ ದಿನಗಳಲ್ಲಿ ಹೃದಯ ದಿನವೆಂದರೆ ಒಂದು ಜಾಥಾ, ಒಂದು ಭಿತ್ತಿಪತ್ರ, ಇಂಥದೇ ಒಂದು ಕಿರುಹೊತ್ತಿಗೆ, ಒಂದು ಉಚಿತ ತಪಾಸಣಾ ಶಿಬಿರ. ಶಿಬಿರಕ್ಕೆ ಬಂದವರಿಗಷ್ಟೇ ವಿಷಯ ಮುಟ್ಟುತ್ತಿತ್ತು. ಬರುವವರಾದರೂ ಯಾರು? ಮೊದಲೇ ಆರೋಗ್ಯದ ಕಾಳಜಿ ಇದ್ದವರು. ಬೀಡಿ ಸೇದುತ್ತಾ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತವನು ಅಲ್ಲಿಯೇ ಕುಳಿತಿರುತ್ತಿದ್ದ. ಮೊಬೈಲು ಬಂದ ಮೇಲೆ ಆ ಕಟ್ಟೆಯವರೆಗೂ ಹೋಗಲು ದಾರಿಯಾಯಿತು. ಫೇಸ್‌ಬುಕ್, ಯೂಟ್ಯೂಬ್, ವಾಟ್ಸಪ್ ಮುಂತಾದ ಸಾಮಾಜಿಕ ಜಾಲತಾಣಗಳನ್ನು ಆರೋಗ್ಯ ಸಂಸ್ಥೆಗಳು ಕೈಗೆತ್ತಿಕೊಂಡದ್ದು ಈ ಕಾರಣಕ್ಕಾಗಿ.

ಇದನ್ನು ಬಲು ಜಾಣತನದಿಂದ ಮಾಡಿದವರ ಒಂದು ಉದಾಹರಣೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಬ್ರಿಟಿಷ್ ಹಾರ್ಟ್ ಫೌಂಡೇಶನ್ ಎಂಬ ಧರ್ಮಾರ್ಥ ಸಂಸ್ಥೆ ಇದೆ. ಎದುರಿಗಿದ್ದ ಮನುಷ್ಯ ದಿಢೀರನೆ ಕುಸಿದು ಬಿದ್ದು ಅವನ ಹೃದಯ ನಿಂತುಹೋದರೆ ಎದೆಯನ್ನು ಒತ್ತಿ ರಕ್ತ ಹರಿಯುವಂತೆ ಮಾಡಬೇಕು. ಇದಕ್ಕೆ ಸಿ.ಪಿ.ಆರ್. ಎನ್ನುತ್ತಾರೆ. ಆದರೆ ಜನಸಾಮಾನ್ಯರು ಇದಕ್ಕೆ ಹಿಂಜರಿಯುತ್ತಿದ್ದರು. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕಲ್ಲ ಎಂಬ ಸಂಕೋಚ ಒಂದು, ಮಾಡಲು ಹೋಗಿ ಏನಾದರೂ ಆದೀತೆಂಬ ಭಯ ಇನ್ನೊಂದು. 2012ರ ಜನವರಿಯಲ್ಲಿ ಆ ಸಂಸ್ಥೆ ಒಂದು ಪುಟ್ಟ ಚಿತ್ರ ಮಾಡಿಸಿತು. ಮೊದಲು ಫುಟ್‌ಬಾಲ್ ಆಟಗಾರನಾಗಿದ್ದು, ನಂತರ ಸಿನಿಮಾದಲ್ಲಿ ರೌಡಿಯ ಪಾತ್ರಗಳಿಂದ ಹೆಸರಾದ ವಿನ್ನಿ ಜೋನ್ಸ್ ಅದರಲ್ಲಿ ಬಂದು, ಬಾಯಿಗೆ ಬಾಯಿಡುವುದು ಬೇಡ, ಎದೆಯ ಮಧ್ಯದಲ್ಲಿ ಎರಡೂ ಕೈಯಿಟ್ಟು ಗಟ್ಟಿಯಾಗಿ, ಬೇಗಬೇಗ ಒತ್ತಿರಿ ಎಂದು ತೋರಿಸಿದ. ಒತ್ತುವ ಲಯ ತಪ್ಪದಿರಲೆಂದು ಎಲ್ಲರಿಗೂ ಗೊತ್ತಿದ್ದ ಒಂದು ಹಳೆಯ ಹಾಡನ್ನು ಹಿನ್ನೆಲೆಯಲ್ಲಿ ಹಾಕಿದರು. ಟಿ.ವಿ.ಯಲ್ಲಿ ಬಂದ ಆ ಚಿತ್ರ ಯೂಟ್ಯೂಬ್ ಮೂಲಕ ದೇಶದೇಶಗಳಿಗೆ ಹಬ್ಬಿತು. ಅದನ್ನು ನೋಡಿ ಕಲಿತವರು ಮನೆಯಲ್ಲಿ, ಬೀದಿಯಲ್ಲಿ ಕುಸಿದು ಬಿದ್ದ ಹಲವರ ಜೀವ ಉಳಿಸಿದರೆಂದು ಸಂಸ್ಥೆಯು ನಂತರ ತಿಳಿಸಿತು.

ಅವರ ಜಾಣತನ ಎಲ್ಲಿದೆ ನೋಡಿ. ಹತ್ತು ವಿಷಯ ಹೇಳಲಿಲ್ಲ, ಒಂದೇ ವಿಷಯ ಹೇಳಿದರು. ನಾವು ವೈದ್ಯರು ಸಾಮಾನ್ಯವಾಗಿ ಹತ್ತು ಹೇಳಿ ಒಂದೂ ನೆನಪಿರದಂತೆ ಮಾಡುತ್ತೇವೆ.

ಅಮೆರಿಕದ ಹೃದ್ರೋಗ ಸಂಘ, ಅಂದರೆ ಅಮೆರಿಕನ್ ಹಾರ್ಟ್ ಅಸೋಸಿಯೇಶನ್, 2004ರಲ್ಲಿ ಮಹಿಳೆಯರಿಗಾಗಿ ಒಂದು ಆಂದೋಲನ ಆರಂಭಿಸಿತು. ಹೃದಯಾಘಾತ ಗಂಡಸರ ಕಾಯಿಲೆ ಎಂಬ ತಪ್ಪು ಕಲ್ಪನೆ ಅಲ್ಲಿಯೂ ಇತ್ತು. ಫೆಬ್ರುವರಿಯ ಮೊದಲ ಶುಕ್ರವಾರ ಕೆಂಪು ಬಟ್ಟೆ ಧರಿಸಿ ಎಂಬುದು ಅವರ ಕರೆ. ಜಾಲತಾಣಗಳು ಬಂದ ಮೇಲೆ ಹೆಂಗಸರು ಕೆಂಪು ಬಟ್ಟೆಯ ಫೋಟೊ ಹಾಕತೊಡಗಿದರು. ಫೋಟೊ ನೋಡಿದ ಗೆಳತಿ ಇದೇನೆಂದು ಕೇಳುವಳು, ಆಗ ವಿಷಯ ಬಾಯಿಂದ ಬಾಯಿಗೆ ಹೋಗುವುದು. ಬಟ್ಟೆಯ ಬಣ್ಣದಿಂದ ಹೃದಯಕ್ಕೇನು ಎಂದು ನೀವು ನಗಬಹುದು. ಆದರೆ ತಾಯಂದಿರೇ, ನಮ್ಮಲ್ಲಿ ಎದೆ ಒತ್ತಿದಂತಾಗಿ, ಬೆವರು ಬಂದು, ಏದುಸಿರು ಬಿಡುತ್ತಿದ್ದರೂ "ಗ್ಯಾಸ್ ಆಗೇದ, ಒಂದೀಟು ಸೋಡಾ ಕುಡಿದ್ರ ಹೋಗತದ" ಎಂದು ರೊಟ್ಟಿ ಬಡಿಯುತ್ತಾ ಕುಳಿತವರು ಎಷ್ಟು ಮಂದಿ! ಹೆಂಗಸರಲ್ಲಿ ಎದೆನೋವು ಜೋರಾಗಿ ಕಾಣದೆ ಬರೀ ಉಸಿರಾಟದ ತೊಂದರೆ, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು, ಕಾರಣವಿಲ್ಲದ ವಿಪರೀತ ಸುಸ್ತು ಮಾತ್ರ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೂ ಹೀಗೆಯೇ. ಈ ಒಂದು ಮಾತನ್ನು ನಿಮ್ಮ ಮಹಿಳಾ ಸ್ವಸಹಾಯ ಸಂಘದ ವಾಟ್ಸಪ್ ಬಳಗಕ್ಕೆ ಹಾಕಿದರೆ ಅದು ಸಣ್ಣ ಕೆಲಸವಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 46 ವರ್ಷ. ಅದರ ಮರುದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಚಿತ್ರದುರ್ಗ ಬೃಹನ್ಮಠದ ಲಿಂಗೈಕ್ಯ ಜಯದೇವ ಶ್ರೀಗಳ ಹೆಸರನ್ನು ಹೊತ್ತ ಸಂಸ್ಥೆ ಅದು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಮುಂದೆ 2023ರ ನವೆಂಬರಿನಲ್ಲಿ ರಾಜ್ಯ ಸರ್ಕಾರವು ಅದೇ ನಟನ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಎದೆನೋವೆಂದು ಸರ್ಕಾರಿ ಆಸ್ಪತ್ರೆಗೆ ಬಂದವರಿಗೆ ಕೂಡಲೇ ಇ.ಸಿ.ಜಿ. ತೆಗೆದು, ಅದನ್ನು ಗಣಕಯಂತ್ರದ ಮೂಲಕ ತಜ್ಞರಿಗೆ ಕಳುಹಿಸಿ, ಕೆಲವೇ ನಿಮಿಷಗಳಲ್ಲಿ ಉತ್ತರ ಪಡೆದು, ಹೃದಯಾಘಾತವೆಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಯೋಜನೆಯ ತಿರುಳು. ಹೊರಗಡೆ ಹಲವು ಸಾವಿರ ರೂಪಾಯಿ ಬೆಲೆಯ ಔಷಧಿ ಅದು.

ಇಷ್ಟು ಒಳ್ಳೆಯ ಯೋಜನೆ ಇದ್ದರೂ, ತನ್ನ ತಾಲ್ಲೂಕಿನಲ್ಲಿ ಅದು ಯಾವ ಆಸ್ಪತ್ರೆಯಲ್ಲಿದೆ ಎಂದು ರಾತ್ರಿ ಹನ್ನೊಂದು ಗಂಟೆಗೆ ಎದೆ ಹಿಡಿದುಕೊಂಡವನಿಗೆ ಗೊತ್ತಿರದಿದ್ದರೆ ಏನು ಪ್ರಯೋಜನ? ಆರೋಗ್ಯ ಇಲಾಖೆಯ ಜಾಲತಾಣದ ಪುಟಗಳು ಮಾಡಬೇಕಾದ ನಿಜವಾದ ಕೆಲಸ ಇದು. ಹೃದಯ ದಿನದಂದು ಕೆಂಪು ಹೃದಯದ ಚಿತ್ರ ಹಾಕಿ ಶುಭಾಶಯ ಕೋರುವುದಕ್ಕಿಂತ, ನಿಮ್ಮ ತಾಲ್ಲೂಕಿನಲ್ಲಿ ಚುಚ್ಚುಮದ್ದು ಇಲ್ಲಿ ಸಿಗುತ್ತದೆ, 108ಕ್ಕೆ ಕರೆ ಮಾಡಿ ಎಂಬ ಎರಡು ಸಾಲು ಸಾವಿರ ಪಾಲು ಮೇಲು ಎಂಬುದು ನನ್ನ ಅಭಿಪ್ರಾಯ.

ಮಂಗಳೂರಿನಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಕೆಲಸ ನಡೆದಿದೆ. ಅಲ್ಲಿಯ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ, ಮನೆಬಾಗಿಲಿಗೆ ಹೃದಯ ಚಿಕಿತ್ಸೆ ಎಂಬರ್ಥದ ಹೆಸರಿನಲ್ಲಿ ಒಂದು ವಾಟ್ಸಪ್ ಬಳಗ ಕಟ್ಟಿದರು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ, ಸಣ್ಣ ಚಿಕಿತ್ಸಾಲಯಗಳಿಗೆ ದಾನಿಗಳ ನೆರವಿನಿಂದ ಇ.ಸಿ.ಜಿ. ಯಂತ್ರಗಳನ್ನು ಕೊಡಿಸಿದರು. ಹಳ್ಳಿಯ ವೈದ್ಯರು ಇ.ಸಿ.ಜಿ. ತೆಗೆದು ಫೋಟೊ ಹಾಕುತ್ತಾರೆ, ತಜ್ಞರು ನೋಡಿ ಸಲಹೆ ಬರೆಯುತ್ತಾರೆ. ನಾವು ದಿನಬೆಳಗಾದರೆ ಶುಭೋದಯದ ಹೂವಿನ ಚಿತ್ರ ಕಳುಹಿಸುವ ಅದೇ ವಾಟ್ಸಪ್! ಅನ್ನದಾಸೋಹ, ಅಕ್ಷರದಾಸೋಹ ಎನ್ನುವ ನಮ್ಮ ಪರಂಪರೆಯಲ್ಲಿ ಇದನ್ನೂ ಒಂದು ದಾಸೋಹವೆಂದೇ ಕರೆಯಬೇಕು.

ಇಷ್ಟು ಹೊತ್ತು ಹೊಗಳಿದ್ದಾಯಿತು. ಈಗ ಕಹಿ ಮಾತು. ಒಳ್ಳೆಯ ಸುದ್ದಿ ಬಂದ ಅದೇ ದಾರಿಯಲ್ಲಿ ಸುಳ್ಳೂ ಬರುತ್ತದೆ, ಮತ್ತು ಬಹಳ ವೇಗವಾಗಿ ಬರುತ್ತದೆ.

ಕಳೆದ ಮಳೆಗಾಲದಲ್ಲಿ ಐವತ್ತೆರಡು ವರ್ಷದ ಒಬ್ಬ ರೈತರನ್ನು ಬೆಳಿಗ್ಗೆ ಏಳು ಗಂಟೆಗೆ ನಮ್ಮ ತುರ್ತು ಚಿಕಿತ್ಸಾ ಘಟಕಕ್ಕೆ ಕರೆತಂದರು. ಯಾವಾಗಿನಿಂದ ನೋವು ಎಂದು ಕೇಳಿದೆ. ಮಗ ಹೇಳಿದ: "ರಾತ್ರಿ ಒಂಬತ್ತಕ್ಕ ಎದಿ ಹಿಡಕೊಂಡಂಗಾತು ಅಂದ್ರು ಸರ್. ಮೊಬೈಲ್‌ನ್ಯಾಗ ನೋಡಿದ್ವಿ. ಬಳ್ಳೊಳ್ಳಿ, ಹಸಿಶುಂಠಿ, ಲಿಂಬಿಹಣ್ಣಿನ ರಸ ಕುದಿಸಿ ಕುಡಿಸಿದ್ರ ಬ್ಲಾಕ್ ಬಿಚ್ಚತದ ಅಂತ ಇತ್ತು. ಕುಡಿಸಿದ್ವಿ. ಸ್ವಲ್ಪ ಕಡಿಮಿ ಅನ್ನಿಸ್ತು, ಮಲಗಿದ್ರು." ಹತ್ತು ಗಂಟೆಗಳ ಕಾಲ ರಕ್ತನಾಳ ಮುಚ್ಚಿಯೇ ಇತ್ತು. ಅವರ ಮನೆಯಿಂದ ತಾಲ್ಲೂಕು ಆಸ್ಪತ್ರೆ ಒಂಬತ್ತು ಕಿಲೋಮೀಟರ್, ಮನೆಯ ಮುಂದೆ ಮೋಟಾರ್ ಸೈಕಲ್ ನಿಂತಿತ್ತು. ಜೀವವೇನೋ ಉಳಿಯಿತು. ಆದರೆ ಹೃದಯದ ಸ್ನಾಯುವಿನ ದೊಡ್ಡ ಭಾಗ ಸತ್ತುಹೋಗಿದ್ದರಿಂದ ಅವರು ಇಂದಿಗೂ ಹೊಲಕ್ಕೆ ಹೋಗಲಾರರು, ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಆ ಮಗ ಅಪ್ಪನ ಮೇಲೆ ಪ್ರೀತಿಯಿಲ್ಲದವನಲ್ಲ. ಬೆಳ್ಳುಳ್ಳಿಯೂ ವಿಷವಲ್ಲ, ಪಲ್ಯಕ್ಕೆ ಧಾರಾಳವಾಗಿ ಹಾಕಿಕೊಳ್ಳಿ. ಕುಡಿಸಿದ ಕಷಾಯದಿಂದ ಕೇಡಾಗಲಿಲ್ಲ. ಅದನ್ನು ಕುಡಿಸಿದೆವೆಂಬ ಸಮಾಧಾನದಲ್ಲಿ ಕಳೆದ ಹತ್ತು ಗಂಟೆಯಿಂದ ಕೇಡಾಯಿತು. ರಕ್ತ ಕರಗಿಸುವ ಔಷಧಿ ಮೊದಲ ಒಂದೆರಡು ಗಂಟೆಗಳಲ್ಲಿ ಸಿಕ್ಕರೆ ಮಾಡುವ ಕೆಲಸವನ್ನು ಹತ್ತು ಗಂಟೆಯ ನಂತರ ಮಾಡಲಾರದು.

ಇನ್ನೊಂದು ಹಳೆಯ ಸುಳ್ಳು ಇದೆ. ಒಬ್ಬರೇ ಇರುವಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಾ ಇರಿ, ಪ್ರಾಣ ಉಳಿಯುತ್ತದೆ ಎಂಬ ಸಂದೇಶ ನಿಮ್ಮಲ್ಲಿ ಅನೇಕರಿಗೆ ಬಂದಿರಬಹುದು. ಇದು ನಿನ್ನೆ ಮೊನ್ನೆಯದಲ್ಲ. 1999ರಲ್ಲಿಯೇ ಇ-ಮೇಲ್ ಮೂಲಕ ಅಮೆರಿಕದಲ್ಲಿ ಹರಡಿದ್ದು, ವಾಟ್ಸಪ್ ಬಂದ ಮೇಲೆ ಕನ್ನಡ ಕಲಿತು ನಮ್ಮೂರಿಗೆ ಬಂದಿದೆ. ಅಮೆರಿಕದ ಹೃದ್ರೋಗ ಸಂಘವು ಜನಸಾಮಾನ್ಯರು ಇದನ್ನು ಮಾಡಬಾರದೆಂದು ಸ್ಪಷ್ಟವಾಗಿ ಹೇಳಿದೆ. ಕಾರಣ ಸರಳ. ಹೃದಯಾಘಾತದಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ಅದರ ರಕ್ತನಾಳ ಮುಚ್ಚಿರುತ್ತದೆ. ಕೆಮ್ಮಿದರೆ ನಾಳ ತೆರೆಯುವುದಿಲ್ಲ. ಹೃದಯವೇ ನಿಂತುಹೋದರೆ ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುತ್ತದೆ, ಆಗ ಕೆಮ್ಮುವವರು ಯಾರು? ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಮಾತ್ರೆ ಇಟ್ಟರೆ ಸಾಕು ಎಂಬ ಸಂದೇಶವಂತೂ ಅರ್ಧ ಸತ್ಯ. ಆ ಮಾತ್ರೆ ರಕ್ತದೊತ್ತಡವನ್ನು ಇಳಿಸುತ್ತದೆ. ಮೊದಲೇ ಬಿ.ಪಿ. ಕುಸಿದಿದ್ದವರಿಗೆ ಇಟ್ಟರೆ ಅಲ್ಲಿಯೇ ತಲೆಸುತ್ತಿ ಬೀಳುತ್ತಾರೆ. ನಿಮ್ಮ ವೈದ್ಯರು ನಿಮಗೆಂದೇ ಬರೆದುಕೊಟ್ಟಿದ್ದರೆ ಮಾತ್ರ, ಅವರು ಹೇಳಿದಂತೆ ಬಳಸಿರಿ, ಬಳಸಿದ ಮೇಲೆಯೂ ಆಸ್ಪತ್ರೆಗೆ ಹೊರಡಿರಿ.

ಈ ವಾರ್ಡಿನಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ಇದ್ದೀರಿ. ತಮಗೆ ಪ್ರತ್ಯೇಕವಾಗಿ ಒಂದು ಮಾತು. ರಕ್ತ ತೆಳುವಾಗಿಸುವ ಮಾತ್ರೆ ಬೇಡ, ಕೊಬ್ಬಿನ ಮಾತ್ರೆಯಿಂದ ಲಿವರ್ ಹಾಳಾಗುತ್ತದೆ, ಇದೆಲ್ಲ ಕಂಪನಿಗಳ ಮೋಸ ಎನ್ನುವ ವಿಡಿಯೊಗಳು ತಮ್ಮ ಫೋನಿಗೆ ಖಂಡಿತ ಬರುತ್ತವೆ. ಒಂದನ್ನು ಪೂರ್ತಿ ನೋಡಿದರೆ ಅಂಥವೇ ಹತ್ತು ಬರುತ್ತವೆ, ಯಂತ್ರದ ಲೆಕ್ಕಾಚಾರವೇ ಹಾಗೆ. ಹತ್ತು ಜನ ಹೇಳಿದರಲ್ಲ ಎಂದು ನಿಮಗೆ ಅನ್ನಿಸುತ್ತದೆ, ಆದರೆ ಹೇಳಿದ್ದು ಹತ್ತು ಜನರಲ್ಲ, ಒಂದೇ ಸುಳ್ಳು ಹತ್ತು ವೇಷದಲ್ಲಿ ಬಂದಿದೆ. ಸ್ಟೆಂಟ್ ಎಂಬುದು ನಾಳದೊಳಗೆ ಕೂರಿಸಿದ ಲೋಹದ ಪುಟ್ಟ ಬಲೆ. ವೈದ್ಯರು ಹೇಳುವ ಮೊದಲೇ ಮಾತ್ರೆ ಬಿಟ್ಟರೆ ಆ ಬಲೆಯ ಮೇಲೆಯೇ ರಕ್ತ ಹೆಪ್ಪುಗಟ್ಟಿ, ತೆರೆದ ನಾಳ ಒಮ್ಮೆಲೇ ಮುಚ್ಚಿಹೋಗಬಹುದು. ಮಾತ್ರೆಯಿಂದ ಮೈಕೈ ನೋವು, ಹೊಟ್ಟೆಯ ತೊಂದರೆ ಆದರೆ ನಮಗೆ ಹೇಳಿ, ಬದಲಿಸಿ ಕೊಡುತ್ತೇವೆ. ಬೈಯುವುದಿಲ್ಲ.

ಸುಳ್ಳು ಸುದ್ದಿ ಒಂದು ಜಿಲ್ಲೆಯನ್ನೇ ಹೇಗೆ ನಡುಗಿಸುತ್ತದೆ ಎಂಬುದನ್ನು 2025ರಲ್ಲಿ ಹಾಸನದಲ್ಲಿ ಕಂಡೆವು. ಮೇ ಕೊನೆಯಿಂದ ಜೂನ್ ಕೊನೆಯವರೆಗಿನ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರೆಂಬ ವರದಿಗಳು ಬಂದವು. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಫೋನಿನಿಂದ ಫೋನಿಗೆ ಭಯ ಹಬ್ಬಿತು. ಲಸಿಕೆಯೇ ಕಾರಣ ಎಂಬ ಮಾತು ದೊಡ್ಡ ಮಟ್ಟದಲ್ಲಿಯೂ ಕೇಳಿಬಂತು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ನಸುಕಿನಿಂದಲೇ ಜನ ಸೇರಿದರು. ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಹಾಸನದಲ್ಲಿ ಹೃದಯಾಘಾತ ಅಸಹಜವಾಗಿ ಹೆಚ್ಚಿದೆ ಎನ್ನಲು ಆಧಾರವಿಲ್ಲವೆಂದು ಅದು ತಿಳಿಸಿತು. ಹಠಾತ್ ಸಾವಿಗೂ ಕೋವಿಡ್ ಲಸಿಕೆಗೂ ಸಂಬಂಧವಿಲ್ಲವೆಂಬುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ದೆಹಲಿಯ ಏಮ್ಸ್ ಸಂಸ್ಥೆಯ ಅಧ್ಯಯನಗಳು ತೋರಿಸಿದ್ದವು. ಉಳಿದ ಸಾವುಗಳು ಸುಳ್ಳಲ್ಲ, ಆ ಮನೆಗಳ ದುಃಖ ಸುಳ್ಳಲ್ಲ. ಬೀಡಿ ಸಿಗರೇಟು, ಬಿ.ಪಿ., ಶುಗರ್, ಮನೆತನದಲ್ಲಿ ಬಂದ ಹೃದ್ರೋಗ, ಈ ಹಳೆಯ ಕಾರಣಗಳೇ ಅಲ್ಲಿಯೂ ಕಂಡವು. ಆದರೆ ಭಯದಿಂದ ಬಂದ ಆರೋಗ್ಯವಂತರ ಸಾಲಿನಲ್ಲಿ ನಿಜವಾದ ಎದೆನೋವಿನವನೂ ನಿಂತಿರುತ್ತಾನೆ ಎಂಬುದನ್ನು ಯೋಚಿಸಿ.

ಇನ್ನು ವೈದ್ಯರ ಮುಖವನ್ನೇ ಕದಿಯುವವರೂ ಇದ್ದಾರೆ. ನಮ್ಮ ನಾಡಿನ ಹೆಸರಾಂತ ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಹೆಸರು, ಭಾವಚಿತ್ರಗಳನ್ನು ಅನುಮತಿಯಿಲ್ಲದೆ ಬಳಸುತ್ತಿದ್ದ ಪುಟಗಳ ವಿರುದ್ಧ ಅವರು ನ್ಯಾಯಾಲಯಕ್ಕೆ ಹೋಗಬೇಕಾಯಿತು, 2024ರಲ್ಲಿ ದೆಹಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಈಗ ಯಂತ್ರದ ಸಹಾಯದಿಂದ ಇಲ್ಲದ ಮಾತನ್ನು ಇದ್ದವರ ಬಾಯಿಂದ ಆಡಿಸುವ ವಿದ್ಯೆಯೂ ಬಂದಿದೆ. ಮುಖ ನೋಡಿ ನಂಬುವ ಕಾಲ ಮುಗಿಯಿತು.

ಹಾಗಾದರೆ ನಂಬುವುದು ಯಾವುದನ್ನು? ನಾನು ನೋಡುವ ರೀತಿಯನ್ನು ಹೇಳುತ್ತೇನೆ. ಸಂದೇಶ ನನ್ನನ್ನು ಎಲ್ಲಿಗೆ ಕಳುಹಿಸುತ್ತಿದೆ ಎಂದು ಮೊದಲು ನೋಡುತ್ತೇನೆ. ಎದೆನೋವು ಬಂದಾಗ ಮನೆಯಲ್ಲಿಯೇ ಕೂರಲು ಹೇಳುವ ಯಾವ ಸಂದೇಶವನ್ನೂ, ಅದು ಯಾರ ಹೆಸರಿನಲ್ಲಿ ಬಂದಿದ್ದರೂ, ನಾನು ಒಪ್ಪುವುದಿಲ್ಲ. ಹೃದಯಾಘಾತವನ್ನು ಮನೆಯಲ್ಲಿ ಗುಣಪಡಿಸಬಹುದೆಂದು ಯಾವ ಜವಾಬ್ದಾರಿಯುತ ಸಂಸ್ಥೆಯೂ ಹೇಳುವುದಿಲ್ಲ. ಆಮೇಲೆ, ಅದನ್ನು ಯಾವಾಗ, ಯಾರು ಹೇಳಿದರು, ಕೊನೆಯಲ್ಲಿ ಏನಾದರೂ ಮಾರುತ್ತಿದ್ದಾರೆಯೇ ಎಂದು ನೋಡುತ್ತೇನೆ. ವಾಟ್ಸಪ್‌ನಲ್ಲಿ ಸಂದೇಶದ ಮೇಲ್ಭಾಗದಲ್ಲಿ ಎರಡು ಬಾಣದ ಗುರುತು ಇದ್ದರೆ ಅದು ಕೈಯಿಂದ ಕೈಗೆ ಹಲವು ಸಲ ದಾಟಿ ಬಂದದ್ದು ಎಂದರ್ಥ. ಅಂಥ ಸಂದೇಶವನ್ನು 2020ರಿಂದ ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಬಳಗಕ್ಕೆ ಮಾತ್ರ ಕಳುಹಿಸಲು ಬರುವಂತೆ ಆ ಕಂಪನಿಯೇ ಕಡಿವಾಣ ಹಾಕಿದೆ. ಕಳುಹಿಸಿದವರು ಸೋದರಮಾವನೇ ಆಗಿರಬಹುದು, ಆದರೆ ಬರೆದವರು ಅವರಲ್ಲ.

ಆಸ್ಪತ್ರೆಗಳ ತಪ್ಪನ್ನೂ ಹೇಳಬೇಕು. ಜಾಗೃತಿಯ ಹೆಸರಿನಲ್ಲಿ ಭಯ ಹುಟ್ಟಿಸಿ, ಕೆಳಗೆ ರಿಯಾಯಿತಿ ದರದ ತಪಾಸಣೆಯ ಜಾಹೀರಾತು ಹಾಕುವುದು ಕಾಯಕವಲ್ಲ, ವ್ಯಾಪಾರ. ಎಷ್ಟು ಜನ ಮೆಚ್ಚುಗೆಯ ಗುರುತು ಒತ್ತಿದರು ಎಂದು ಎಣಿಸುವುದು ಸುಲಭ. ಎಷ್ಟು ಜನ ಬಿ.ಪಿ. ನೋಡಿಸಿಕೊಂಡರು, ಎದೆನೋವಿನ ಎಷ್ಟು ಜನ ಎರಡು ಗಂಟೆಯೊಳಗೆ ಬಂದರು ಎಂದು ಎಣಿಸುವುದು ಕಷ್ಟ. ಎಣಿಸಬೇಕಾದದ್ದು ಎರಡನೆಯದನ್ನು.

ಈಗ ರೋಗಿಗಳ ಬಂಧುಗಳಲ್ಲಿ ಒಂದು ಕೋರಿಕೆ. ತಮ್ಮ ಫೋನಿನಲ್ಲಿ 108 ಸಂಖ್ಯೆಯನ್ನೂ, ತಮ್ಮ ತಾಲ್ಲೂಕು ಆಸ್ಪತ್ರೆಯ ಸಂಖ್ಯೆಯನ್ನೂ ಇಂದೇ ಸೇರಿಸಿಕೊಳ್ಳಿ. ರೋಗಿಯ ಇ.ಸಿ.ಜಿ., ಡಿಸ್ಚಾರ್ಜ್ ಚೀಟಿ ಮತ್ತು ಮಾತ್ರೆಗಳ ಪಟ್ಟಿಯ ಫೋಟೊ ತೆಗೆದು ಮನೆಯ ಇನ್ನೊಬ್ಬರ ಫೋನಿನಲ್ಲೂ ಇಡಿ. ರಾತ್ರಿ ಬೇರೆ ಊರಿನ ಆಸ್ಪತ್ರೆಗೆ ಓಡಬೇಕಾದಾಗ ಅಲ್ಲಿಯ ವೈದ್ಯರಿಗೆ ಆ ಫೋಟೊ ಬಹಳ ಉಪಯೋಗಕ್ಕೆ ಬರುತ್ತದೆ. ಯಾವುದಾದರೂ ವಿಡಿಯೊ ನೋಡಿ ಅನುಮಾನ ಬಂದಿದ್ದರೆ ಸುತ್ತಿನ ವೇಳೆಯಲ್ಲಿ ನಮಗೇ ತೋರಿಸಿ. ಎಷ್ಟೋ ಬಾರಿ ವಿಡಿಯೊ ಸರಿಯಾಗಿಯೂ ಇರುತ್ತದೆ.

ಸಂಜೆ ನಾಲ್ಕು ಗಂಟೆಗೆ ಇದೇ ಮಂದಿರದಲ್ಲಿ ನಮ್ಮ ದಾದಿಯರು ಗೊಂಬೆಯ ಮೇಲೆ ಎದೆ ಒತ್ತುವ ಕ್ರಮವನ್ನು ಮಾಡಿ ತೋರಿಸುವರು. ನಿಮಿಷಕ್ಕೆ 100ರಿಂದ 120 ಸಲ, ಎರಡು ಅಂಗುಲದಷ್ಟು ಆಳ. ಹೇಳಿದಷ್ಟು ಸುಲಭವಲ್ಲ, ಎರಡು ನಿಮಿಷಕ್ಕೆ ತೋಳು ಸೋಲುತ್ತದೆ. ಆದ್ದರಿಂದ ಬರೀ ವಿಡಿಯೊ ತೆಗೆದುಕೊಂಡು ಹೋಗದೆ ತಾವೂ ಒಂದು ಕೈ ಒತ್ತಿ ನೋಡಿರಿ, ಸಂಕೋಚ ಬೇಡ. ಪ್ರತಿ ರೋಗಿಯ ಕಡೆಯಿಂದ ಒಬ್ಬರಾದರೂ ಬರಬೇಕು, ರೋಗಿಯ ಬಳಿ ಇನ್ನೊಬ್ಬರು ಇರಲಿ. ಈಗ ಪ್ರಸಾದದ ವೇಳೆಯಾಯಿತು. ಸಕ್ಕರೆ ಕಾಯಿಲೆಯವರಿಗೆ ಹುಗ್ಗಿ ಬೇರೆ ಮಾಡಿಸಿದ್ದಾರೆ, ಬಡಿಸುವವರಿಗೆ ಮೊದಲೇ ಹೇಳಿ.